ಹೊಸ ಕೋನ್ ಸ್ನೇಲ್‌ಗೆ ಹೆಸರಿಡುವ ಮುನ್ನ

ದಾವಣಗೆರೆಗೆ ಸಮುದ್ರದ ಮೀನು ಬರುವುದು ರಾತ್ರಿ ಲಾರಿಯಲ್ಲಿ. ಐಸ್ ಪೆಟ್ಟಿಗೆ ಹೊತ್ತು ಘಾಟಿ ಹತ್ತಿ ಬರುವ ಅಂಥದೊಂದು ಲಾರಿಯ ಡ್ರೈವರಣ್ಣ ಬಹಳ ವರ್ಷಗಳಿಂದ ನನಗೆ ಪರಿಚಯ. ಬಂದರಿನಲ್ಲಿ ಬಲೆ ಕೊಡವಿದಾಗ ಬೀಳುವ ಶಂಖ, ಏಡಿ, ಚಿಪ್ಪಿನ ಚೂರುಗಳನ್ನು ಹಳೆಯ ಹಾರ್ಲಿಕ್ಸ್ ಬಾಟಲಿಗೆ ತುಂಬಿ ತಂದುಕೊಡುತ್ತಾನೆ. ಮೊದಲ ಸಲ ಕೊಟ್ಟಾಗ ಮೂಗು ಮುಚ್ಚಿಕೊಂಡೇ ಕೇಳಿದ್ದ: "ಇದ್ರಾಗೆ ಅಂಥದ್ದೇನೈತಿ ಮೇಡಮ್ಮಾರೇ? ಅಲ್ಲಿ ಇದನ್ನ ಯಾರೂ ಮುಟ್ಟಾಂಗಿಲ್ಲ."

ಇರುವುದು ಬುಗುರಿ. ಕೋನ್ ಸ್ನೇಲ್ ಎಂಬ ಕಡಲ ಬಸವನಹುಳುವನ್ನು ಗುರುತಿಸಲು ಇದಕ್ಕಿಂತ ಸುಲಭದ ಮಾತು ನನಗೆ ಸಿಕ್ಕಿಲ್ಲ. ನಾವು ಚಾಟಿ ಸುತ್ತಿ ಆಡುತ್ತಿದ್ದ ಮರದ ಬುಗುರಿಯನ್ನು ಮೊಳೆ ಕೆಳಗಾಗಿ ಹಿಡಿದರೆ ಹೇಗಿರುತ್ತದೋ ಹಾಗೆ: ಮೇಲೆ ಅಗಲ, ಕೆಳಗೆ ಚೂಪು, ತಲೆಯ ಮೇಲೆ ಸುರುಳಿ, ಒಂದು ಬದಿಯಲ್ಲಿ ಉದ್ದಕ್ಕೆ ಸೀಳಿದಂಥ ಬಾಯಿ. ಲಿನ್ನೇಯಸ್ 1758ರಲ್ಲೇ ಇವಕ್ಕೆ ಕೋನಸ್ ಎಂದು ಹೆಸರಿಟ್ಟ. ಇಂದು ಬದುಕಿರುವ ಪ್ರಭೇದಗಳು 900ಕ್ಕೂ ಹೆಚ್ಚು. ಅಷ್ಟೂ ವಿಷದ ಹುಳುಗಳೇ. ಆಳದ ನೀರಿನಿಂದ ಇನ್ನೂ ಹೊಸವು ಬರುತ್ತಲೇ ಇವೆ.

ಪ್ರಾಣಿಶಾಸ್ತ್ರ ಓದುವ ಹುಡುಗ ಹುಡುಗಿಯರಿಗೆ, ಚಿಪ್ಪು ಕೂಡಿಡುವ ಹವ್ಯಾಸಿಗಳಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ಅರ್ಹತೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಇದುವರೆಗೆ ಒಂದೂ ಹೊಸ ಪ್ರಭೇದಕ್ಕೆ ಹೆಸರಿಟ್ಟಿಲ್ಲ. ಮೂರು ಸಲ ಹೆಸರಿಡುವ ಹೊಸ್ತಿಲವರೆಗೆ ಹೋಗಿ ವಾಪಸ್ ಬಂದಿದ್ದೇನೆ. ಆ ಮೂರು ಸಲವೂ ಕಲಿತದ್ದು ಒಂದೇ: ಕೈಲಿರುವ ಚಿಪ್ಪು ಹೊಸದೆಂದು ಸಾಧಿಸಲು ಹೊರಡಬಾರದು, ಹಳೆಯದೆಂದು ಸಾಧಿಸಲು ಹೊರಡಬೇಕು. ಎಷ್ಟು ಎಳೆದರೂ ಅದು ಯಾವ ಹಳೆಯ ಹೆಸರಿನೊಳಗೂ ಬರಲೊಲ್ಲದು ಅಂದಾಗ ಮಾತ್ರ ಹೊಸ ಹೆಸರಿನ ಮಾತು.

ಚೀಟಿ ಮೊದಲು, ಚಿಪ್ಪು ಆಮೇಲೆ

ಚಿಪ್ಪು ಕೈಗೆ ಬಂದ ತಕ್ಷಣ ತೊಳೆಯಲು ಓಡಬೇಡಿ. ಚೀಟಿ ಬರೆಯಿರಿ. ಎಲ್ಲಿ, ಯಾವಾಗ, ಎಷ್ಟು ಆಳ, ಯಾವ ಬಲೆ, ಯಾರು ಕೊಟ್ಟರು, ಹುಳು ಜೀವಂತ ಇತ್ತೋ, ಸತ್ತ ಚಿಪ್ಪೋ, ಒಳಗೆ ಏಡಿ ಮನೆ ಮಾಡಿತ್ತೋ. ಪೆನ್ಸಿಲ್‌ನಲ್ಲೇ ಬರೆಯಿರಿ. ಬಾಲ್‌ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಒಂದೇ ವಾರಕ್ಕೆ ತೊಳೆದುಹೋಗುತ್ತದೆ.

ನನ್ನ ಮೊದಲ ಸೋಲು ಇಲ್ಲೇ ಆದದ್ದು. ಬಾಟಲಿಯ ಮೇಲೆ "ಮಲ್ಪೆ" ಎಂದು ಬರೆದು ನೆಮ್ಮದಿಯಾಗಿದ್ದೆ. ಆಮೇಲೆ ವಿಚಾರಿಸಿದರೆ ಆ ಬೋಟು ಹತ್ತು ದಿನ ಸಮುದ್ರದಲ್ಲಿದ್ದು ಎರಡು ರಾಜ್ಯಗಳ ನೀರು ಸುತ್ತಿ ಬಂದಿತ್ತು. ಮಲ್ಪೆ ಎಂಬುದು ಮೀನು ಇಳಿದ ಊರು, ಹುಳು ಬದುಕಿದ ಊರಲ್ಲ. ಚಿಪ್ಪು ಚೆನ್ನಾಗಿತ್ತು, ಆದರೆ ಊರಿಲ್ಲದ ಚಿಪ್ಪಿನ ಮೇಲೆ ಪ್ರಭೇದ ಕಟ್ಟಲಾಗದು.

ಹಾಗಾಗಿ ತಾಂಡೇಲರನ್ನೇ, ಅಂದರೆ ಬೋಟು ನಡೆಸುವವರನ್ನೇ, ಕೇಳಿಸಿ. ಬಲೆ ಬಿಟ್ಟ ಜಾಗ, ಎತ್ತಿದ ಜಾಗ ಎರಡೂ ಬೋಟಿನ ಜಿಪಿಎಸ್‌ನಲ್ಲಿ ಇರುತ್ತವೆ. ಒಳ್ಳೆ ಮೀನು ಬೀಳುವ ಜಾಗವನ್ನು ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ, ಸೀಸನ್ ಮುಗಿದ ಮೇಲೆ ಕೇಳಿದರೆ ಹೇಳುತ್ತಾರೆ. ಆಳವನ್ನು ಮಾರಿನ ಲೆಕ್ಕದಲ್ಲಿ ಹೇಳಿದರೆ ಚೀಟಿಯಲ್ಲಿ ಅದನ್ನೇ ಬರೆದು, ಪಕ್ಕದಲ್ಲಿ ಮೀಟರ್ ಹಾಕಿ. ನಕ್ಷೆಯ ಮಾರು ಅಂದರೆ 1.83 ಮೀಟರ್, 150 ಮಾರು ಎಂದರೆ ಸುಮಾರು 274 ಮೀಟರ್. ಟ್ರಾಲ್ ಬಲೆ ಗಂಟೆಗಟ್ಟಲೆ ತಳ ಉಜ್ಜುತ್ತಾ ಹೋಗುವುದರಿಂದ ಒಂದೇ ಅಂಕಿ ಸುಳ್ಳಾಗುತ್ತದೆ. 250–290 ಮೀಟರ್ ಎಂದು ವ್ಯಾಪ್ತಿ ಬರೆಯುವುದೇ ಪ್ರಾಮಾಣಿಕ. ಸತ್ತ ಚಿಪ್ಪಿನ ಆಳವನ್ನಂತೂ ನಂಬಬೇಡಿ. ಸನ್ಯಾಸಿ ಏಡಿ ಅದನ್ನು ಬೆನ್ನಿಗೆ ಹೊತ್ತು ಎಲ್ಲಿಂದ ಎಲ್ಲಿಗೆ ನಡೆದಿತ್ತೋ.

ಕಾನೂನಿನ ಮಾತೂ ಈ ಹಂತದ್ದೇ. ನಮ್ಮ ಕಡಲಿನ ಆಳದ ಕೋನ್‌ಗಳಲ್ಲಿ ಹೆಸರುವಾಸಿಯಾದ ಕೋನಸ್ ಮಿಲ್ನೆಎಡ್ವರ್ಡ್ಸಿ, ಅಂದರೆ ಸಂಗ್ರಹಕಾರರ ಬಾಯಲ್ಲಿ "ಗ್ಲೋರಿ ಆಫ್ ಇಂಡಿಯಾ", 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. ಅದರ ಗುರುತು: ಎತ್ತರದ ಶಿಖರ, ಅಂದರೆ ತಲೆಯ ಮೇಲಿನ ಸುರುಳಿ, ಮೈತುಂಬ ಡೇರೆಯಾಕಾರದ ಬಲೆ ಚಿತ್ತಾರ. ಅದನ್ನು ಕೊಳ್ಳುವುದು, ಮಾರುವುದು ಅಪರಾಧ. ಬಾಟಲಿಯಲ್ಲಿ ಅಂಥದ್ದೇನಾದರೂ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ನಿಮ್ಮ ಕಪಾಟಿಗೆ ಸೇರಿಸಬೇಡಿ.

ಜೀವಂತ ಹುಳು ಬಂದರೆ

ಐಸ್ ಲಾರಿಯಲ್ಲಿ ಬಂದದ್ದು ಬಹುಮಟ್ಟಿಗೆ ಸತ್ತೇ ಇರುತ್ತದೆ. ಆದರೂ ಬರಿಗೈಲಿ ಮುಟ್ಟಬೇಡಿ. ಕೋನ್ ಸ್ನೇಲ್‌ನ ಹಲ್ಲು ಒಂದು ಪುಟ್ಟ ಭರ್ಜಿ, ನಡುವೆ ಟೊಳ್ಳು, ಅದರೊಳಗಿಂದ ವಿಷ. ಕೋನಸ್ ಜಿಯಾಗ್ರಾಫಸ್ ಕುಟುಕಿ ಜನ ಸತ್ತಿದ್ದಾರೆ. ಅದೇ ಕುಲದ ಕೋನಸ್ ಮಾಗಸ್‌ನ ವಿಷದಿಂದ ಹುಟ್ಟಿದ ಜಿಕೋನೊಟೈಡ್ ಎಂಬ ನೋವುನಿವಾರಕಕ್ಕೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಳದ ಪ್ರಭೇದಗಳ ಪೈಕಿ ಬಹುಪಾಲಿನ ವಿಷವನ್ನು ಯಾರೂ ಪರೀಕ್ಷಿಸಿಲ್ಲ. ಪರೀಕ್ಷೆಗೆ ನಮ್ಮ ಬೆರಳು ಬೇಡ.

ಮಾಂಸ ಸಿಕ್ಕಿತೋ, ಅದೇ ಭಾಗ್ಯ. ಪಾದದ ತುದಿಯಿಂದ ಅವರೆಕಾಳಿನಷ್ಟು ಚೂರು ಕತ್ತರಿಸಿ 95% ಎಥನಾಲ್‌ಗೆ ಹಾಕಿ, ಅದು ಡಿಎನ್‌ಎಗೆ. ಫಾರ್ಮಲಿನ್ ಬಾಟಲಿ ಆ ಮೇಜಿನ ಹತ್ತಿರವೂ ಬೇಡ. ಪ್ರಯೋಗಾಲಯದ ಹಳೇ ಚಾಳಿಯಿಂದ ನಾನೇ ಒಮ್ಮೆ ಇಡೀ ಹುಳುವನ್ನು ಫಾರ್ಮಲಿನ್‌ಗೆ ಅದ್ದಿ ಡಿಎನ್‌ಎ ಕಳಕೊಂಡೆ. ಎರಡನೇ ಸೋಲು ಅದು. ಹುಳು ಚಿಪ್ಪಿನೊಳಕ್ಕೆ ಸೇರಿಕೊಂಡು ಹೊರಬರದಿದ್ದರೆ ಮ್ಯೂಸಿಯಂನವರು ಮೈಕ್ರೋವೇವ್‌ನಲ್ಲಿ ಕೆಲವೇ ಸೆಕೆಂಡು ಇಟ್ಟು ಹೊರತೆಗೆಯುತ್ತಾರೆ, ಡಿಎನ್‌ಎಗೆ ಧಕ್ಕೆ ಆಗದು. ಇದಕ್ಕೆ ಮನೆಯ ಅಡುಗೆಮನೆಯದನ್ನು ಬಳಸುವ ಸಾಹಸ ಮಾತ್ರ ಬೇಡ. ಮುಚ್ಚಳವನ್ನು, ಅಂದರೆ ಪಾದಕ್ಕೆ ಅಂಟಿದ ಕಂದು ಬಣ್ಣದ ಪುಟ್ಟ ಬಿಲ್ಲೆಯನ್ನು, ಎಸೆಯದೆ ಬೇರೆ ಸೀಸೆಯಲ್ಲಿ ಇಡಿ.

ಚಿಪ್ಪಿನ ಮೇಲಿನ ಹೊರಪೊರೆಯನ್ನು ಕೆರೆಯುವ ಮೊದಲು ಫೋಟೊ ತೆಗೆಯಿರಿ. ಅದು ತೆಳುವೋ, ದಪ್ಪವೋ, ಜುಂಜು ಜುಂಜಾಗಿದೆಯೋ ಎಂಬುದೂ ಗುರುತೇ. ಒಣಗಿದ ಮೇಲೆ ಸ್ಟೀಲ್ ಅಥವಾ ಒಳ್ಳೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಮರದ ಡ್ರಾಯರು, ಅಗ್ಗದ ರಟ್ಟಿನ ಪೆಟ್ಟಿಗೆಗಳಿಂದ ಹೊಮ್ಮುವ ಹುಳಿ ಆವಿಗೆ ಚಿಪ್ಪಿನ ಸುಣ್ಣ ಕರಗಿ ಮೇಲೆ ಬಿಳಿ ಹುಡಿ ಏಳುತ್ತದೆ. ಅದು ಬೂಷ್ಟು ಎಂದುಕೊಂಡು ಒರೆಸುತ್ತಾ ಕೂತರೆ ಚಿಪ್ಪೇ ಸವೆಯುತ್ತದೆ.

ಅಳತೆ

ಇಲ್ಲಿ ನಿಧಾನವಾಗಿ ಕೂರಬೇಕು. ಬೇಕಾದ್ದು ಲೇತ್ ಅಂಗಡಿಯವರು ಬಳಸುವ ಡಿಜಿಟಲ್ ವರ್ನಿಯರ್, ಅಕ್ಕಸಾಲಿಗರ ತಕ್ಕಡಿ, ಕಾಲೇಜಿನ ಸ್ಟೀರಿಯೊ ಮೈಕ್ರೋಸ್ಕೋಪ್. ದಾವಣಗೆರೆಯಲ್ಲಿ ಮೂರಕ್ಕೂ ಕೊರತೆಯಿಲ್ಲ.

ನಾಲ್ಕು ಅಳತೆ ತೆಗೆಯಿರಿ. ತುದಿಯಿಂದ ತುದಿಗೆ ಚಿಪ್ಪಿನ ಉದ್ದ. ಅತಿ ಅಗಲವಾದ ಕಡೆಯ ಅಗಲ. ಬಾಯಿಯ ಎತ್ತರ. ಬುಡದಿಂದ, ಅಂದರೆ ಕೆಳಗಿನ ಚೂಪು ತುದಿಯಿಂದ, ಆ ಅತಿ ಅಗಲದ ಜಾಗಕ್ಕೆ ಇರುವ ಎತ್ತರ. ಮೇಜಿನ ಮೇಲಿನ ಒಂದು ಚಿಪ್ಪನ್ನೇ ತೆಗೆದುಕೊಳ್ಳೋಣ: ಉದ್ದ 42.6 ಮಿ.ಮೀ., ಅಗಲ 19.4, ಬಾಯಿಯ ಎತ್ತರ 34.1, ಅಗಲದ ಜಾಗದ ಎತ್ತರ 30.0. ಅಗಲವನ್ನು ಬಾಯಿಯ ಎತ್ತರದಿಂದ ಭಾಗಿಸಿದರೆ 0.57. ಇದು ಬುಗುರಿ ಎಷ್ಟು ಡುಮ್ಮ ಎಂಬುದರ ಲೆಕ್ಕ. ಉದ್ದದಲ್ಲಿ ಬಾಯಿಯ ಎತ್ತರ ಕಳೆದು ಉಳಿದದ್ದನ್ನು ಉದ್ದದಿಂದ ಭಾಗಿಸಿದರೆ 0.20. ಇದು ಶಿಖರ ಎಷ್ಟು ಎತ್ತರ ಎಂಬುದು. 30.0 ಅನ್ನು 34.1ರಿಂದ ಭಾಗಿಸಿದರೆ 0.88. ಅಂದರೆ ಅತಿ ಅಗಲದ ಜಾಗ ಭುಜಕ್ಕೆ (ಶಿಖರ ಶುರುವಾಗುವ ಅಂಚಿಗೆ) ತೀರಾ ಹತ್ತಿರ, ಕೆಳಕ್ಕೆ ಇಳಿದಿಲ್ಲ. ಕೋನ್‌ಗಳನ್ನು ಹೋಲಿಸುವವರೆಲ್ಲ ಬಳಸುವುದು ಈ ಮೂರು ಅನುಪಾತಗಳನ್ನೇ. "ಸ್ವಲ್ಪ ಸಪೂರ" ಎಂದರೆ ದುರ್ಗದವರಿಗೆ ಒಂದು, ಟೋಕಿಯೊದವರಿಗೆ ಇನ್ನೊಂದು. 0.57 ಎಲ್ಲ ಕಡೆಯೂ 0.57.

ತುಟಿ, ಅಂದರೆ ಬಾಯಿಯ ಹೊರ ಅಂಚು, ಮುರಿದ ಚಿಪ್ಪನ್ನು ಅಳೆದು ಪಟ್ಟಿಗೆ ಸೇರಿಸಬೇಡಿ. ಒಂದೇ ಚಿಪ್ಪಿನ ಅಳತೆಯೂ ಸಾಲದು. ಮರಿ, ದೊಡ್ಡದು ಸೇರಿ ಹತ್ತಾದರೂ ಇರಲಿ. ಬೆಳೆಯುತ್ತಾ ಬೆಳೆಯುತ್ತಾ ಅನುಪಾತ ಬದಲಾಗುತ್ತದೆ. ಮರಿಯೊಂದನ್ನು ಹೊಸ ಪ್ರಭೇದ ಎಂದುಕೊಂಡವರು ಹಿಂದೆ ಎಷ್ಟೋ ಜನ.

ಈಗ ಮೈಕ್ರೋಸ್ಕೋಪ್ ಕೆಳಗೆ ಶಿಖರದ ನೆತ್ತಿ. ಅಲ್ಲಿ ಗಾಜಿನ ಮಣಿಯಂಥ ಚೂರೊಂದು ಕೂತಿರುತ್ತದೆ. ಅದೇ ಪ್ರೋಟೋಕಾಂಕ್, ಹುಳು ಲಾರ್ವಾ ಆಗಿದ್ದಾಗಿನ ಚಿಪ್ಪು. ಅದರಲ್ಲಿ ಮೂರು ಅಥವಾ ಹೆಚ್ಚು ಸಣ್ಣ ಸುತ್ತುಗಳಿದ್ದರೆ ಲಾರ್ವಾ ನೀರಿನಲ್ಲಿ ತೇಲುತ್ತಾ ತಿನ್ನುತ್ತಾ ಬಹಳ ದೂರ ಸಾಗಿದೆ. ಅಂಥ ಪ್ರಭೇದ ಸಾವಿರಾರು ಕಿಲೋಮೀಟರ್ ಹರಡಿರಬಹುದು, ಬೇರೆ ದೇಶದವರು ಆಗಲೇ ಹೆಸರಿಟ್ಟಿರಬಹುದು. ಒಂದೂವರೆ ದಪ್ಪ ಸುತ್ತು ಮಾತ್ರ ಇದ್ದರೆ ಮರಿ ಹುಟ್ಟಿದ ಕಡೆಯೇ ಉಳಿದಿದೆ. ಆಗ ಅದೇ ತಾಣಕ್ಕೆ ಸೀಮಿತವಾದ ಪ್ರಭೇದ ಇರುವ ಸಾಧ್ಯತೆ ಹೆಚ್ಚು. ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟದ ಗಳಿಗೆ ಇದು. ಸಾಸಿವೆಗಿಂತ ಚಿಕ್ಕದೊಂದು ಚೂರು ಇಡೀ ಬಾಲ್ಯದ ಕಥೆ ಹೇಳಿಬಿಡುತ್ತದೆ. ದುಃಖವೆಂದರೆ ಹತ್ತರಲ್ಲಿ ಏಳು ಚಿಪ್ಪಿನ ನೆತ್ತಿ ಸವೆದೇ ಬಂದಿರುತ್ತದೆ.

ಅಲ್ಲಿಂದ ಸುತ್ತುಸುತ್ತಾಗಿ ಕೆಳಕ್ಕೆ ಬನ್ನಿ. ಮೊದಲ ಸುತ್ತುಗಳ ಅಂಚಿನಲ್ಲಿ ಗಂಟುಗಳಿವೆಯೇ, ಎಷ್ಟನೇ ಸುತ್ತಿಗೆ ಮಾಯವಾಗುತ್ತವೆ? ಸುತ್ತಿಗೆ ಸುತ್ತು ಕೂಡುವ ಹೊಲಿಗೆ ಗೆರೆಯ ಪಕ್ಕದ ಇಳಿಜಾರು ಚಪ್ಪಟೆಯೋ, ತಗ್ಗೋ, ಅದರ ಮೇಲೆ ಗೀರು ಎಷ್ಟು? ಭುಜ ಚೂಪೋ ದುಂಡೋ? ಬಣ್ಣ ಕೊನೆಗೆ. ಬಣ್ಣವನ್ನು ನಂಬಿ ಕೆಟ್ಟವರೇ ಹೆಚ್ಚು.

ಹಲ್ಲು ಬೇಕಾದರೆ ಅವು ತುಂಬಿರುವ ರ್ಯಾಡುಲಾ ಚೀಲವನ್ನು ಬಿಡಿಸಿ ನೀರು ಬೆರೆಸಿದ ಬ್ಲೀಚ್‌ನಲ್ಲಿ ಮಾಂಸ ಕರಗಿಸಿ. ಕಣ್ಣು ಕೀಳದೆ ನೋಡುತ್ತಿರಬೇಕು, ಹೆಚ್ಚು ಹೊತ್ತಾದರೆ ಹಲ್ಲೂ ಹೋಗುತ್ತದೆ. ಚೀಲದ ಚಿಕ್ಕ ತೋಳಿನಲ್ಲಿರುವವೇ ಬಳಕೆಗೆ ಸಿದ್ಧವಾದ ಹಲ್ಲುಗಳು. ಕೊಕ್ಕೆ, ಅಲಗು, ಗರಗಸದಂಥ ಅಂಚು, ನಡು, ಬುಡ ಒಂದೊಂದನ್ನೂ ಚಿತ್ರ ಬರೆಯಿರಿ. ಹುಳ ತಿನ್ನುವುದೋ, ಬೇರೆ ಬಸವನಹುಳು ತಿನ್ನುವುದೋ, ಮೀನು ಹಿಡಿಯುವುದೋ ಎಂಬ ಸುಳಿವು ಹಲ್ಲಲ್ಲಿದೆ. ಕೈಗವಸು ಹಾಕಿಕೊಂಡೇ ಮಾಡಿ.

ಹಳೆಯ ಹೆಸರುಗಳ ಬೇಟೆ

ಚಿತ್ರದುರ್ಗದಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಬಾಟಲಿಯಲ್ಲಿ ಕಂದು ಗೀಟಿನ ಕೋನ್ ಒಂದು ಸಿಕ್ಕಿತು. ಅವಳ ಸಂಭ್ರಮ ನೋಡಿ ನನಗೂ ಹುಕಿ ಬಂತು. ಮೂರು ವಾರ ಇಬ್ಬರೂ ಪುಸ್ತಕ, ಚಿತ್ರ, ಹಳೆಯ ಪ್ರಬಂಧ ತಿರುವಿದೆವು. ಕೊನೆಗೆ ಅದು ಕೋನಸ್ ಇನ್‌ಸ್ಕ್ರಿಪ್ಟಸ್. ಚಿಪ್ಪುತಜ್ಞ ರೀವ್ 1843ರಲ್ಲೇ ಹೆಸರಿಟ್ಟದ್ದು, ಭಾರತದ ಟ್ರಾಲ್ ಬಲೆಗಳಿಗೆ ಮಾಮೂಲು, ಒಂದರಂತೆ ಇನ್ನೊಂದಿಲ್ಲದಷ್ಟು ರೂಪ ಬದಲಿಸುವಂಥದ್ದು. ಇದು ಮೂರನೇ ಸೋಲು. "ಮೇಡಂ, 180 ವರ್ಷ ತಡ ಆಯ್ತು ನಾವು" ಅಂದಳು.

ಈ ಹಂತಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ಮೊಲಸ್ಕಾಬೇಸ್ ಎಂಬ ಅಂತರ್ಜಾಲ ಕೋಶದಲ್ಲಿ ಈಗ ಮಾನ್ಯವಾದ ಹೆಸರು, ರದ್ದಾಗಿ ಬೇರೆಯದರಲ್ಲಿ ಸೇರಿದ ಹೆಸರು ಎರಡೂ ಸಿಗುತ್ತವೆ. ರದ್ದಾದವನ್ನು ಬಿಡದೆ ನೋಡಿ. ನಿಮ್ಮ ಪ್ರಭೇದ ಬೇರೆಯೇ ಎಂದು ನಾಳೆ ಗೊತ್ತಾದರೂ, ಆ ರದ್ದಾದ ಹೆಸರು ಅದಕ್ಕೇ ಇಟ್ಟದ್ದಾಗಿದ್ದರೆ ಅದೇ ಮತ್ತೆ ಜೀವ ಪಡೆಯುತ್ತದೆ, ನಿಮ್ಮದಲ್ಲ. ಹಳೆಯ ಮೂಲ ವಿವರಣೆಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಪುಕ್ಕಟೆ ಸಿಗುತ್ತವೆ. ಚಿತ್ರ ನೋಡಿ ಬಿಡಬೇಡಿ, ಮೂಲ ಮಾತನ್ನು ಓದಿ. ಕೊನೆಗೆ ಆ ಪ್ರಭೇದದ ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾದ ಆ ಒಂದೇ ಒಂದು ಚಿಪ್ಪು, ಯಾವ ಮ್ಯೂಸಿಯಂನಲ್ಲಿದೆಯೋ ಅಲ್ಲಿಗೆ ಬರೆದು ಫೋಟೊ ತರಿಸಿ.

ಅಪರೂಪದ್ದು ಎಂದ ಮಾತ್ರಕ್ಕೆ ಹೊಸದಾಗದು. 1777ರಲ್ಲಿ ಹೆಸರು ಪಡೆದ ಕೋನಸ್ ಗ್ಲೋರಿಯಾಮಾರಿಸ್ ಸುಮಾರು ಎರಡು ಶತಮಾನ ಬೆರಳೆಣಿಕೆಯಷ್ಟೇ ಇತ್ತು. 1969ರಲ್ಲಿ ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದ ಬಳಿ ಮುಳುಗುಗಾರರಿಗೆ ಅದರ ಮನೆಯೇ ಸಿಕ್ಕಿತು.

ಯಾವ ಕುಲಕ್ಕೆ?

ಪ್ರಭೇದದ ಮೇಲಿನ ಮೆಟ್ಟಿಲು ಕುಲ. ಇಲ್ಲಿ ಜಗಳ ಹಳೆಯದು. ಎಲ್ಲವನ್ನೂ ಕೋನಸ್ ಎಂಬ ಒಂದೇ ಮಡಕೆಗೆ ಹಾಕಿದವರಿದ್ದರು, 2009ರಲ್ಲಿ ಟಕರ್ ಮತ್ತು ಟೆನೋರಿಯೊ ಹತ್ತಾರು ಕುಲಗಳಾಗಿ ಹಂಚಿದರು. ಪುಯಾಂಡ್ರ್ ಮತ್ತು ಸಂಗಡಿಗರು ಡಿಎನ್‌ಎ ಇಟ್ಟುಕೊಂಡು ನಾಲ್ಕು ಕುಲಕ್ಕೆ ಇಳಿಸಿದರು: ಕೋನಸ್, ಕೋನಾಸ್ಪ್ರೆಲ್ಲಾ, ಪ್ರೊಫಂಡಿಕೋನಸ್, ಕ್ಯಾಲಿಫೋರ್ನಿಕೋನಸ್. ಆಮೇಲೆ ಕೆಲವು ಪುಟ್ಟ ಕುಲಗಳು ಸೇರಿದವು. ನಾನು ಈ ನಾಲ್ಕರ ಪಕ್ಷ. ಕಾಲೇಜಿನ ಮೇಜಿನ ಮೇಲೆ ಹತ್ತಾರು ಕುಲ ಹರವಿಕೊಂಡರೆ ಪ್ರಭೇದ ನೋಡಲು ಪುರುಸೊತ್ತೇ ಸಿಗದು.

ಆಳದ ನೀರಿನಿಂದ ಬಂದದ್ದೆಲ್ಲ ಪ್ರೊಫಂಡಿಕೋನಸ್ ಎಂದುಕೊಳ್ಳುವುದು ಹೊಸಬರ ಮಾಮೂಲು ತಪ್ಪು. ಹೆಸರಲ್ಲೇ ಆಳವಿದೆ, ನಿಜ. ಕುರೋಡಾ 1956ರಲ್ಲಿ ಇಟ್ಟ ಆ ಕುಲದ ಬಹುತೇಕ ಪ್ರಭೇದಗಳು ಆಳದವೇ. ಆದರೆ ಬಂಗಾಳ ಕೊಲ್ಲಿಯ ಆಳದ ಬೆಂಗಾಲೆನ್ಸಿಸ್ ಎಂಬ ಪ್ರಭೇದ ಕೋನಸ್ ಕುಲದ್ದು, ಕೋನಾಸ್ಪ್ರೆಲ್ಲಾದಲ್ಲೂ ಆಳದವು ಬೇಕಾದಷ್ಟಿವೆ. ಕುಲ ನಿರ್ಧರಿಸಲು ಹಲ್ಲಿನ ಆಕಾರ ಮತ್ತು ಡಿಎನ್‌ಎ ಎರಡೂ ಬೇಕು. ಸಾಮಾನ್ಯವಾಗಿ ಓದಿಸುವುದು ಸಿಒಐ ಎಂಬ ಜೀನಿನ 658 ಅಕ್ಷರಗಳನ್ನು. ಅದನ್ನು ಜೆನ್‌ಬ್ಯಾಂಕ್ ಎಂಬ ಡಿಎನ್‌ಎ ಕೋಶದಲ್ಲಿರುವವುಗಳ ಜೊತೆ ಹೋಲಿಸಿ. ಇಂತಿಷ್ಟು ಶೇಕಡಾ ವ್ಯತ್ಯಾಸವಿದ್ದರೆ ಬೇರೆ ಪ್ರಭೇದ ಎಂಬ ಸಿದ್ಧ ಸೂತ್ರ ಕೊಡುವವರ ಮಾತು ಕೇಳಬೇಡಿ. ಚಿಪ್ಪು, ಹಲ್ಲು, ಅಕ್ಷರ ಮೂರೂ ಒಂದೇ ಕಡೆ ಬೆರಳು ತೋರಿಸಬೇಕು.

ವಿವರಣೆ ಬರೆಯುವುದು

ಬಸ್ ಸ್ಟ್ಯಾಂಡಿನ ಗೋಡೆ ಮೇಲೆ "ಕಾಣೆಯಾಗಿದ್ದಾರೆ" ಚೀಟಿ ನೋಡಿರುತ್ತೀರಿ: ಐದೂವರೆ ಅಡಿ ಎತ್ತರ, ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಎಡಗೆನ್ನೆಯಲ್ಲಿ ಮಚ್ಚೆ. ಅದನ್ನು ಬರೆದ ಪೊಲೀಸಪ್ಪನೇ ನನ್ನ ಪ್ರಕಾರ ಒಳ್ಳೆಯ ವರ್ಗೀಕರಣಕಾರ. ಲಕ್ಷಣ ಟಿಪ್ಪಣಿ ಅಂದರೆ ಆ ಮಚ್ಚೆ. ಹತ್ತಿರದ ನೆಂಟರಿಂದ ಇದನ್ನು ಬೇರ್ಪಡಿಸುವ ಮೂರು ನಾಲ್ಕು ಗುರುತು ಮಾತ್ರ ಅಲ್ಲಿರಲಿ. ಪೂರ್ತಿ ವಿವರಣೆ ಅದರ ಕೆಳಗೆ.

"ಅತ್ಯಂತ ಸುಂದರವಾದ, ನುಣುಪಾದ, ಕಂದು ಚುಕ್ಕೆಗಳ ಚಿಪ್ಪು" ಎಂದು ವಿದ್ಯಾರ್ಥಿಗಳು ಬರೆದು ತರುತ್ತಾರೆ. ಹರಿದುಹಾಕಿ ಹೀಗೆ ಬರೆಸುತ್ತೇನೆ: "ಚಿಪ್ಪು ಹಗುರ. ಕೊನೆಯ ಸುತ್ತಿನ ಬದಿ ಮೇಲಿನ ಮೂರನೇ ಒಂದು ಭಾಗದಲ್ಲಿ ತುಸು ಉಬ್ಬಿ, ಕೆಳಗೆ ನೇರ. ಭುಜ ಚೂಪು. ಶಿಖರದ ಅಂಚು ಒಳಬಾಗಿದೆ. ಮೊದಲ ಐದು ಸುತ್ತುಗಳಲ್ಲಿ ಗಂಟು, ಆಮೇಲೆ ಇಲ್ಲ. ಬುಡದಲ್ಲಿ ಎಂಟರಿಂದ ಹತ್ತು ಗೀರು. ನೆಲಬಣ್ಣ ಕೆನೆಬಿಳಿ, ನಡುವೆ ಎರಡು ಮಸುಕಾದ ಕಂದು ಪಟ್ಟೆ." ಕ್ರಿಯಾಪದ ಕಡಿಮೆ, ವಿಶೇಷಣ ಅದಕ್ಕೂ ಕಡಿಮೆ.

ನಿಯಮದ ಪುಸ್ತಕ ಒಂದಿದೆ, ಅಂತಾರಾಷ್ಟ್ರೀಯ ಪ್ರಾಣಿ ನಾಮಕರಣ ಸಂಹಿತೆ. ಈಗಿನ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಸಾರಬೇಕು, ಬೇರ್ಪಡಿಸುವ ಲಕ್ಷಣ ಮಾತಿನಲ್ಲಿ ಇರಬೇಕು, ಹೋಲೋಟೈಪ್ ಯಾವುದು ಮತ್ತು ಎಲ್ಲಿದೆ ಎಂದು ಹೇಳಬೇಕು. ಅಂತರ್ಜಾಲದಲ್ಲಷ್ಟೇ ಬರುವ ಪತ್ರಿಕೆಯಾದರೆ ಝೂಬ್ಯಾಂಕ್ ಎಂಬ ಪ್ರಾಣಿ ಹೆಸರುಗಳ ಅಂತರ್ಜಾಲ ದಫ್ತರದಲ್ಲಿ ನೋಂದಣಿ ಆಗಿರಬೇಕು. ಹೆಸರು ರೋಮನ್ ಲಿಪಿಯಲ್ಲೇ ಇರಬೇಕು. ಆದರೆ ವಿವರಣೆ ಇಂಥ ಭಾಷೆಯಲ್ಲೇ ಇರಬೇಕೆಂಬ ಕಟ್ಟಳೆ ಸಂಹಿತೆಯಲ್ಲಿಲ್ಲ, ಹೆಚ್ಚು ಬಳಕೆಯಲ್ಲಿರುವ ಭಾಷೆಯಲ್ಲಿ ಲಕ್ಷಣ ಕೊಡಿ ಎಂಬ ಸಲಹೆ ಅಷ್ಟೇ. ಇಂಗ್ಲಿಷ್ ಲಕ್ಷಣದ ಜೊತೆ ಕನ್ನಡ ವಿವರಣೆಯನ್ನೂ ಅಚ್ಚಿಸಲು ಯಾರ ಅಡ್ಡಿಯೂ ಇಲ್ಲ. ಯಾರಾದರೂ ಮಾಡಲಿ ಎಂಬ ಆಸೆ ನನಗಿದೆ.

ಹೆಸರಿಗೆ ವ್ಯಾಕರಣವೂ ಉಂಟು. ಕೋನಸ್, ಪ್ರೊಫಂಡಿಕೋನಸ್ ಪುಲ್ಲಿಂಗ, ಕೋನಾಸ್ಪ್ರೆಲ್ಲಾ ಸ್ತ್ರೀಲಿಂಗ. ವಿಶೇಷಣದ ಬಾಲ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಲೇಖಕರ ಹೆಸರಿಗೆ ಆವರಣ ಹಾಕುವುದಕ್ಕೂ ಅರ್ಥವಿದೆ. ಕೋನಸ್ ಬೆಂಗಾಲೆನ್ಸಿಸ್ (ಒಕುತಾನಿ, 1968) ಎಂದರೆ ಒಕುತಾನಿ ಅದನ್ನು ಮೊದಲು ಬೇರೆ ಕುಲದಲ್ಲಿ, ಡೇರಿಯೊಕೋನಸ್‌ನಲ್ಲಿ, ಇಟ್ಟಿದ್ದರು. ನಿಮ್ಮದು ಹೊಸದಾದರೆ ಆವರಣ ಬೇಡ.

ಊರಭಿಮಾನಕ್ಕೆ "ದಾವಣಗೆರೆನ್ಸಿಸ್" ಎನ್ನಲು ಹೊರಟವರೂ ಇದ್ದಾರೆ. ಓದಿದವರು ಈ ಹುಳು ಭದ್ರಾ ನಾಲೆಯಲ್ಲಿ ಸಿಕ್ಕಿತು ಎಂದುಕೊಂಡಾರು. ಹಾಗೆಂದಾಗ ಆ ದುರ್ಗದ ಹುಡುಗಿ ಬಿಟ್ಟುಕೊಡಲಿಲ್ಲ: "ಮೇಡಂ, ನಮ್ ಮರಡಿಹಳ್ಳಿ ಕಡೆ ದಿಂಬಿನ ಆಕಾರದ ಲಾವಾ ಐತಲ್ಲ, ಅದು ಆಗಿದ್ದೇ ನೀರೊಳಗೆ." ಅವಳು ಹೇಳಿದ್ದು ಸರಿ. ಆ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ನೀರಿನಡಿ ಲಾವಾ ಉಕ್ಕಿ ಹೆಪ್ಪುಗಟ್ಟಿದ್ದು. ಆದರೆ ಅದು 200 ಕೋಟಿ ವರ್ಷಗಳಿಗೂ ಹಿಂದಿನ ಮಾತು. ಆಗ ಬಸವನಹುಳು ಇರಲಿ, ಚಿಪ್ಪು ಕಟ್ಟುವ ಯಾವ ಪ್ರಾಣಿಯೂ ಹುಟ್ಟಿರಲಿಲ್ಲ. ಹೆಸರಿಗೆ ಆ ಸಮುದ್ರ ಒದಗದು.

ಕೊನೆಯ ಕಂತು

ಹೋಲೋಟೈಪ್ ನಿಮ್ಮ ಕಪಾಟಿನಲ್ಲಿ ಉಳಿಯಕೂಡದು. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ ಹೊಸ ಜೀವಿ ಕಂಡವರು ನಿಗದಿತ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿಯನ್ನು ಅಲ್ಲೇ ಒಪ್ಪಿಸಬೇಕು. ಪ್ರಾಣಿಗಳಿಗೆ ಅಂಥ ಜಾಗ 1916ರಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ, ಕೋಲ್ಕತ್ತ. ಅತ್ಯುತ್ತಮ ಸ್ಥಿತಿಯ, ನೆತ್ತಿ ಸವೆಯದ, ಮಾಂಸವೂ ಡಿಎನ್‌ಎಯೂ ಇರುವ ಒಂದನ್ನು ಹೋಲೋಟೈಪ್ ಮಾಡಿ. ಉಳಿದವು ಪ್ಯಾರಾಟೈಪ್, ಅವನ್ನು ಎರಡು ಮೂರು ಸಂಸ್ಥೆಗಳಿಗೆ ಹಂಚಿದರೆ ಒಂದು ಕಡೆ ಬೆಂಕಿ ಬಿದ್ದರೂ ಇನ್ನೊಂದು ಕಡೆ ಉಳಿಯುತ್ತದೆ.

ಸಾಧ್ಯವಾದರೆ ಕೈಯಾರೆ ಒಯ್ದು ಕೊಡಿ. ಪಾರ್ಸೆಲ್ ಅನಿವಾರ್ಯವಾದರೆ ಸ್ಪಿರಿಟ್ ಸೀಸೆಯನ್ನು ಅಂಚೆ ಒಪ್ಪುವುದಿಲ್ಲ, ಒಣ ಚಿಪ್ಪನ್ನಷ್ಟೇ ಕಳಿಸಬಹುದು. ಹತ್ತಿ ನೇರವಾಗಿ ಚಿಪ್ಪಿಗೆ ಸುತ್ತಬೇಡಿ, ಎಳೆ ಸಿಕ್ಕಿಕೊಂಡು ತುಟಿ ಮುರಿಯುತ್ತದೆ. ಮೊದಲು ತೆಳು ಕಾಗದ, ಆಮೇಲೆ ಹತ್ತಿ, ಆಮೇಲೆ ಗಟ್ಟಿ ಡಬ್ಬಿ. ಪೆನ್ಸಿಲ್‌ನಲ್ಲಿ ಬರೆದ ಆ ಮೊದಲ ಚೀಟಿಯನ್ನು, ಅಂದವಾಗಿ ಟೈಪ್ ಮಾಡಿದ್ದರ ಜೊತೆಗೆ, ಹಾಗೇ ಒಳಗಿಡಿ. ಅಲ್ಲಿಂದ ನೋಂದಣಿ ಸಂಖ್ಯೆ ಬರುವವರೆಗೆ ಹಸ್ತಪ್ರತಿಯನ್ನು ಯಾವ ಪತ್ರಿಕೆಗೂ ಕಳಿಸಬೇಡಿ.